ಕೆಂಪು ದಿಣ್ಣೆಯ ಮಣ್ಣು ಎಲ್ಲಿಗೆ ಹೋಯಿತು?

ಶರತ್ಕಾಲದ ಮೊದಲ ಜೋರು ಮಳೆ ಸುರಿದ ಮರುದಿನ ಎಫ್ರಾಸಿಯೊ ಎಲ್ಲಿ ಸಿಗುತ್ತಾನೆ ಎಂದು ಬೆನಲ್ಮಾರ್ ಊರಿನಲ್ಲಿ ಯಾರೂ ವಿಚಾರಿಸಬೇಕಾಗಿಲ್ಲ. ಅವನು ಅಕ್ಕ ಕಸಿಲ್ದಾಳ ಬೇಕರಿಯ ಹಿಂದೆ ಪ್ಯಾಂಟು ಮಡಚಿಕೊಂಡು ಸಲಿಕೆಯಿಂದ ಕೆಸರು ಎತ್ತುತ್ತಿರುತ್ತಾನೆ. ಕೈಯ ಜೊತೆ ಬಾಯಿಯೂ ಕೆಲಸ ಮಾಡುತ್ತಿರುತ್ತದೆ. ಪಂಚಾಯಿತಿಯವರು ಮೋರಿ ಅಗಲ ಮಾಡಿಸಲಿಲ್ಲ, ಕಟ್ಟಿಸಿದವನಿಗೆ ಕಣ್ಣಿರಲಿಲ್ಲ, ಓಟು ಕೇಳೋಕೆ ಬರಲಿ ನೋಡಿಕೊಳ್ಳುತ್ತೇನೆ ಎಂದು ಒಂದೊಂದು ಸಲಿಕೆಗೂ ಒಂದೊಂದು ಬೈಗುಳ.

ಈ ಸಲದ ಕೆಸರು ಹಿಂದಿನ ವರ್ಷಗಳ ಹಾಗಿರಲಿಲ್ಲ. ಹಿತ್ತಲು ತುಂಬಿ, ಸೌದೆ ರಾಶಿಯನ್ನು ತಳ್ಳಿಕೊಂಡು, ಬಾಗಿಲು ದಾಟಿ ಭಟ್ಟಿ ಕೋಣೆಯೊಳಗೇ ಬಂದಿತ್ತು. ಹಿಟ್ಟಿನ ಮೂಟೆಗಳ ಬುಡ ನೆನೆದುಹೋಗಿತ್ತು. ಭಟ್ಟಿ ಕಲ್ಲಿನದು, ಗುಡ್ಡದ ಕಡೆಯ ಗೋಡೆಗೆ ಆನಿಸಿ ಕಟ್ಟಿದ್ದು. ಅದರಲ್ಲಿ ಮೊದಲು ಅವರ ತಾಯಿ ರೊಟ್ಟಿ ಬೇಯಿಸುತ್ತಿದ್ದಳು, ಆಮೇಲೆ ಕಸಿಲ್ದಾ. ಮೇಲೆ ಕೆಂಪು ಮೆಣಸಿನ ಪುಡಿ, ಕಲ್ಲುಪ್ಪು ಉದುರಿಸಿ ಅವಳು ಮಾಡುವ ಒಚಿಯೊ ಬನ್ನುಗಳಿಗೆ ಪಕ್ಕದ ಊರುಗಳಿಂದಲೂ ಜನ ಬರುತ್ತಾರೆ.

ಮೇಸ್ತ್ರಿ ಬಂದು ಗೋಡೆಯ ಮೇಲೆ ಕೈಯಾಡಿಸಿ ನೋಡಿ ಹೋಗಿದ್ದ. ಗೋಡೆ ಒಳಕ್ಕೆ ಉಬ್ಬಿದೆ, ಇಷ್ಟೇ ಕೆಸರು ಇನ್ನೊಂದು ಸಲ ಬಂದು ಒತ್ತಿದರೆ ಗೋಡೆಯ ಜೊತೆ ಭಟ್ಟಿಯೂ ಹೋಗುತ್ತದೆ ಎಂದಿದ್ದ. ಇದನ್ನು ಕಸಿಲ್ದಾ ತಮ್ಮನಿಗೆ ಹೇಳಿದಳು. ಅಳುತ್ತ ಹೇಳಲಿಲ್ಲ, ಒದ್ದೆ ಹಿಟ್ಟನ್ನು ಕೋಳಿಗಳಿಗೆ ಸುರಿಯುತ್ತ ಹೇಳಿದಳು.

"ಇನ್ನೊಂದು ಸಲ ಹೀಗಾದ್ರೆ ನಾನು ಭಟ್ಟಿ ಹಚ್ಚಲ್ಲ ಕಣೋ. ನನಗೂ ವಯಸ್ಸಾಯ್ತು, ಗೋಡೆಗೂ ಆಯ್ತು. ಬೀಗ ಹಾಕಿಬಿಡ್ತೀನಿ."

ಆ ಭಟ್ಟಿಯ ಬಿಸಿಗೆ ಬೆನ್ನು ಕೊಟ್ಟು ಕೂತು ಬೆಳೆದವನು ಎಫ್ರಾಸಿಯೊ. ಅಕ್ಕ ಭಟ್ಟಿ ಹಚ್ಚದ ಊರನ್ನು ಅವನಿಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಹಾಗೆಲ್ಲ ಆಗಲ್ಲ ಬಿಡು ಎಂದು ಗೊಣಗಿ, ತಳ್ಳುಗಾಡಿಗೆ ಕೆಸರು ತುಂಬಿಕೊಂಡು ಪಕ್ಕದ ಹಳ್ಳದ ಕಡೆ ಹೊರಟ. ಪ್ರತಿ ವರ್ಷದ ಕೆಸರನ್ನೂ ಅವನು ಅಲ್ಲಿಗೇ ಸುರಿದು ಬರುವುದು.

ಬೇಕರಿಯ ಹಿಂದಿನ ಗುಡ್ಡವಿಡೀ ಎಫ್ರಾಸಿಯೊನ ಆಲಿವ್ ತೋಟ. ಲಾ ಬೆರ್ಮೇಹಾ ಎಂದು ಅದರ ಹೆಸರು, ಅಂದರೆ ಕೆಂಪು ದಿಣ್ಣೆ. ಹಾಯೆನ್ ಸೀಮೆಯ ಗುಡ್ಡಗಳಲ್ಲಿ ಎತ್ತ ನೋಡಿದರೂ ಆಲಿವ್ ಮರಗಳೇ. ಇದಕ್ಕಿಂತ ದೊಡ್ಡ ತೋಟಗಳಿವೆ, ಹೆಚ್ಚು ಕಾಯಿ ಬಿಡುವ ತೋಟಗಳೂ ಇವೆ, ಆದರೆ ಇಷ್ಟು ಚೊಕ್ಕಟವಾದ ತೋಟ ಇನ್ನೊಂದಿಲ್ಲ. ಬೆನಲ್ಮಾರಿನಲ್ಲಿ ರೈತನ ಮರ್ಯಾದೆ ಇರುವುದೇ ಈ ಚೊಕ್ಕಟದಲ್ಲಿ. ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಗಂಡಸರು ಕಾರು ಹತ್ತಿ, ಕಿಟಕಿ ಇಳಿಸಿ, ನಡೆಯುವಷ್ಟು ನಿಧಾನವಾಗಿ ರಸ್ತೆಯುದ್ದಕ್ಕೂ ಹೋಗುತ್ತಾರೆ. ಎರಡೂ ಬದಿಯ ತೋಟಗಳನ್ನು ನೋಡುತ್ತಾರೆ. ಸಾಲುಗಳ ನಡುವೆ ಹುಲ್ಲು ಕಂಡರೆ ಆ ತೋಟ ಕೊಳಕು, ಯಜಮಾನ ಸೋಮಾರಿ. ಮಳೆ ನಿಂತು ನೆಲ ಹದವಾದೊಡನೆ ಉಳಬೇಕು, ಉತ್ತಮೇಲೆ ಹಲಗೆ ಎಳೆದು ಸಮ ಮಾಡಬೇಕು, ಕೊಯ್ಲಿಗೆ ಮುಂಚೆ ಮರದ ಬುಡವನ್ನು ಗಟ್ಟಿಯಾಗಿ ಒತ್ತಿ ಗುಡಿಸಬೇಕು. ಎಫ್ರಾಸಿಯೊ ಗುಡಿಸಿದ ಬುಡದಲ್ಲಿ ತಟ್ಟೆಯಿಲ್ಲದೆ ಊಟ ಮಾಡಬಹುದು ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವನು ಏನೂ ಆಗದವನಂತೆ ಟೋಪಿ ಸರಿಮಾಡಿಕೊಳ್ಳುತ್ತಿದ್ದ, ಆದರೆ ಆ ದಿನವೆಲ್ಲ ಅವನ ನಡಿಗೆಯೇ ಬೇರೆ ಇರುತ್ತಿತ್ತು.

ಇಳಿಜಾರು ಕಡಿದು. ಟ್ರ್ಯಾಕ್ಟರು ಅಡ್ಡ ಹೊಡೆದರೆ ಮಗುಚಿಕೊಳ್ಳುತ್ತದೆ ಎಂದು ಅವನು ಮೇಲಿಂದ ಕೆಳಕ್ಕೆ ಉಳುತ್ತಿದ್ದ. ಉಳುಮೆಯ ಗೆರೆಗಳು ದಿಣ್ಣೆಯ ತಲೆಯಿಂದ ಹೊರಟು ನೆಟ್ಟಗೆ ಬೇಕರಿಯ ಹಿತ್ತಲಿಗೆ ಬಂದು ನಿಲ್ಲುತ್ತಿದ್ದವು. ನೋಡುವುದಕ್ಕೆ ಚಂದವಿತ್ತು, ಅದರಲ್ಲಿ ಸುಳ್ಳಿಲ್ಲ.

ಕಸಿಲ್ದಾಳ ಮಗಳು ತೀಸ್ಕಾರ್ ಆ ದಿನ ಕೆಲಸಕ್ಕೆ ರಜೆ ಹಾಕಿ ಅಮ್ಮನ ಸಹಾಯಕ್ಕೆ ಬಂದಿದ್ದಳು. ಅವಳು ಸಹಕಾರಿ ಸಂಘದ ಎಣ್ಣೆ ಗಾಣದಲ್ಲಿ ರೈತರಿಗೆ ತೋಟದ ಸಲಹೆ ಕೊಡುವವಳು. ಹಿಂದೊಮ್ಮೆ ಸಂಘದ ಸಭೆಯಲ್ಲಿ ಅವಳು ಉಳುಮೆ ಕಮ್ಮಿ ಮಾಡಿ, ಸಾಲಿನ ನಡುವೆ ಹುಲ್ಲು ಇರಲಿ ಎಂದು ವಿವರಿಸುತ್ತಿದ್ದಾಗ, ಹಿಂದಿನ ಕುರ್ಚಿಯಿಂದ ಸೋದರಮಾವ ಎಫ್ರಾಸಿಯೊ, ಹುಲ್ಲು ಬೆಳೆಯೋದಾದರೆ ನಾನು ಕುರಿ ಸಾಕುತ್ತಿದ್ದೆನಲ್ಲಮ್ಮ ಎಂದು ಕೂಗಿದ್ದ. ಸಭೆಯೆಲ್ಲ ನಕ್ಕಿತ್ತು. ನಗದೆ ವಿಧಿಯಿಲ್ಲವೆಂದು ಅವಳೂ ನಕ್ಕಿದ್ದಳು. ಆಮೇಲೆ ಅವನ ಮುಂದೆ ಅವಳು ಆ ವಿಷಯ ಎತ್ತಿರಲಿಲ್ಲ.

ಇವತ್ತು ಎತ್ತಿದಳು. ಹಳ್ಳದ ಅಂಚಿನಲ್ಲಿ ತಳ್ಳುಗಾಡಿ ಬಗ್ಗಿಸಲು ಹೊರಟ ಮಾವನನ್ನು ತಡೆದು, ಒಂದು ಹಿಡಿ ಕೆಸರು ಎತ್ತಿಕೊಂಡಳು.

"ಮಾವ, ಇದು ಯಾವ ಬಣ್ಣ?"

"ಕೆಂಪು. ಯಾಕೆ, ಕಣ್ಣು ಕಾಣಲ್ವಾ ನಿನಗೆ?"

"ನಿಮ್ಮ ತೋಟ ಯಾವ ಬಣ್ಣ?"

ಇದೊಂದು ಪ್ರಶ್ನೆಯೇ ಎನ್ನುವಂತೆ ಅವನು ತಿರುಗಿ ದಿಣ್ಣೆಯ ಕಡೆ ನೋಡಿದ. ಮಳೆ ತೊಳೆದ ಬಿಸಿಲಿನಲ್ಲಿ ತೋಟ ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳ್ಳಗಿತ್ತು. ಸುಣ್ಣದ ಕಲ್ಲು ಬೆರೆತ ಬಿಳಿ ನೆಲ ಉದ್ದಕ್ಕೂ ಹಾಸಿಕೊಂಡಿತ್ತು, ಮಧ್ಯೆ ಮಧ್ಯೆ ಮರಗಳ ಬುಡದಲ್ಲಿ ಮಾತ್ರ ಕೆಂಪು ದಿಬ್ಬಗಳಿದ್ದವು, ಬೇರುಗಳು ಬಿಗಿಯಾಗಿ ಹಿಡಿದು ಉಳಿಸಿಕೊಂಡಷ್ಟು. ಒಂದೊಂದು ಮರವೂ ಪೀಠದ ಮೇಲೆ ನಿಂತ ಹಾಗಿತ್ತು. ಅಪ್ಪನ ಕಾಲದಲ್ಲಿ ಈ ಬೇರುಗಳು ಕಾಣುತ್ತಿರಲಿಲ್ಲ. ಮರಕ್ಕೆ ವಯಸ್ಸಾದಂತೆ ಬುಡ ಮೇಲೇಳುತ್ತದೆ ಎಂದು ಅವನು ಇಷ್ಟು ವರ್ಷ ತಿಳಿದುಕೊಂಡಿದ್ದ. ಮೇಲೆದ್ದದ್ದು ಮರವಲ್ಲ, ಕೆಳಗಿಳಿದದ್ದು ನೆಲ.

ಮಣ್ಣು ಎಲ್ಲರ ತೋಟದಿಂದಲೂ ಹರಿದು ಬರುತ್ತದೆ ಎಂದು ಅವನು ವಾದ ಹೂಡಿದ. ಈ ಸುತ್ತಮುತ್ತ ಕೆಂಪು ಮಣ್ಣಿರುವುದು ಬೆರ್ಮೇಹಾದಲ್ಲಿ ಮಾತ್ರ ಎಂದು ತೀಸ್ಕಾರ್ ಮೆಲ್ಲಗೆ ಹೇಳಿದಳು. ಗೆದ್ದವಳ ದನಿ ಅದರಲ್ಲಿರಲಿಲ್ಲ.

"ಹಾಗಾದ್ರೆ ನಿಮ್ಮಮ್ಮನ ಮನೆಗೆ ಕೆಸರು ಸುರೀತಿರೋನು ನಾನೇ ಅಂತೀಯಾ?"

ಅವಳು ಕೈಯಲ್ಲಿದ್ದ ಕೆಸರನ್ನು ತಳ್ಳುಗಾಡಿಗೆ ಹಾಕಿದಳು. ಅವನಿಗೆ ಸಿಟ್ಟು ನೆತ್ತಿಗೇರಿತು. ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಹೋಗಿ ಬೇಕರಿಯ ಮುಂಬಾಗಿಲ ಮೆಟ್ಟಿಲ ಮೇಲೆ ಕೂತ. ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಪಂಚಾಯಿತಿಯ ಮೋರಿ ಸಿಗಲಿಲ್ಲ, ತಾನೇ ಸಿಕ್ಕಿದ.

ಮಧ್ಯಾಹ್ನ ಮೂವರೂ ಅಂಗಡಿಯಲ್ಲಿ ಕೂತು ನಿನ್ನೆಯ ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿಕೊಂಡು ತಿಂದರು. ತೀಸ್ಕಾರ್ ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ ತಂದಿಟ್ಟಳು. ಜೇಬಿನಿಂದ ಎರಡು ಮಣ್ಣಿನ ಹೆಂಟೆ ತೆಗೆದಳು. ಒಂದು ಉತ್ತ ಸಾಲಿನದು. ಇನ್ನೊಂದು ತೋಟದ ಅಂಚಿನದು, ಟ್ರ್ಯಾಕ್ಟರು ತಿರುಗಲು ಜಾಗವಿಲ್ಲದೆ ಹುಲ್ಲು ಬೆಳೆದುಕೊಂಡಿರುವ ಕಡೆಯದು. ಎರಡನ್ನೂ ಒಂದೊಂದು ಲೋಟದಲ್ಲಿ ಬಿಟ್ಟಳು. ಉತ್ತ ಸಾಲಿನ ಹೆಂಟೆ ನೋಡನೋಡುತ್ತ ಪುಡಿಯಾಗಿ ಕರಗಿ ನೀರೆಲ್ಲ ರಾಡಿಯಾಯಿತು. ಹುಲ್ಲುಬೇರು ತುಂಬಿದ್ದ ಹೆಂಟೆ ಗುಳ್ಳೆ ಬಿಡುತ್ತ ಹಾಗೇ ಕೂತಿತ್ತು, ಊಟ ಮುಗಿದರೂ ಕೂತಿತ್ತು.

ಗ್ಲಾಸಿನಲ್ಲಿ ಆಗೋದೆಲ್ಲ ಗುಡ್ಡದಲ್ಲಿ ಆಗುತ್ತಾ ಎಂದು ಎಫ್ರಾಸಿಯೊ ಕೊಂಕು ತೆಗೆದ. ಆದರೆ ಅವನ ನಿಜವಾದ ಸಂಶಯ ಬೇರೆಯಿತ್ತು, ಅದು ಸುಮ್ಮನೆ ತಳ್ಳಿಹಾಕುವ ಸಂಶಯವೂ ಅಲ್ಲ. ಈ ಸೀಮೆಯಲ್ಲಿ ಬೇಸಿಗೆಯಿಡೀ ಒಂದು ಹನಿ ಬೀಳುವುದಿಲ್ಲ. ಇರುವ ನೀರನ್ನೆಲ್ಲ ಹುಲ್ಲು ಕುಡಿದರೆ ಮರಕ್ಕೆ ಏನು ಉಳಿಯುತ್ತದೆ? ತೀಸ್ಕಾರ್ ಇಲ್ಲವೆನ್ನಲಿಲ್ಲ. ಹುಲ್ಲು ನೀರು ಕುಡಿಯುವುದು ನಿಜ, ಹಂಗಾಮು ಮೀರಿ ಬಿಟ್ಟರೆ ಮರಕ್ಕೆ ಪೆಟ್ಟು ಬೀಳುವುದೂ ನಿಜ ಎಂದು ಒಪ್ಪಿಕೊಂಡಳು. ಆದ್ದರಿಂದ ಮಳೆಗಾಲ, ಚಳಿಗಾಲ ಕಳೆಯುವವರೆಗೆ ಮಾತ್ರ ಅದನ್ನು ಬೆಳೆಯಲು ಬಿಡಬೇಕು. ವಸಂತ ಬಂದು ಮಣ್ಣಿನ ಹಸಿ ಆರತೊಡಗುವ ಮುಂಚೆಯೇ ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲೇ ನೆಲಕ್ಕೆ ಹೊದಿಸಬೇಕು. ಬೇಸಿಗೆಯಲ್ಲಿ ಆ ಒಣ ಹೊದಿಕೆ ಬಿಸಿಲು ತಡೆದು ಒಳಗಿನ ತೇವ ಉಳಿಸುತ್ತದೆ. ಬರಿ ನೆಲಕ್ಕೆ ಬಿದ್ದ ಮಳೆ ಒಳಗಿಳಿಯದೆ ಓಡಿಹೋಗುತ್ತದಲ್ಲ, ಆ ನೀರನ್ನು ಲೆಕ್ಕಕ್ಕೆ ಹಿಡಿದಿದ್ದೀರಾ ಎಂದು ಅವಳು ಕೇಳಿದಳು. ಅವನು ಹಿಡಿದಿರಲಿಲ್ಲ.

ಕಾಯಿ ಕೊಯ್ಯುವಾಗ ಬುಡ ಚೊಕ್ಕಟವಿಲ್ಲದಿದ್ದರೆ ಹೇಗೆ ಎಂಬುದು ಅವನ ಕೊನೆಯ ಪಟ್ಟು. ಅಲ್ಲಿಯವರೆಗೆ ಸುಮ್ಮನೆ ರೊಟ್ಟಿ ಮುರಿಯುತ್ತಿದ್ದ ಕಸಿಲ್ದಾ ಬಾಯಿಬಿಟ್ಟಳು.

"ನಾನು ಹುಡುಗಿ ಆಗಿದ್ದಾಗ ಮಂಡಿಯೂರಿ ಕೂತು, ನೆಲಕ್ಕೆ ಬಿದ್ದ ಕಾಯಿ ಒಂದೊಂದೇ ಆರಿಸ್ತಿದ್ವಿ ಕಣೋ. ಉಗುರಲ್ಲಿ ರಕ್ತ ಬರೋದು. ಆಗ ಗುಡಿಸಿದ ನೆಲ ಬೇಕಿತ್ತು. ಈಗ ನೀನು ಬಲೆ ಹಾಸ್ತೀಯಾ, ಮೆಷಿನ್ ಇಟ್ಟು ಮರ ಅಲ್ಲಾಡಿಸ್ತೀಯಾ. ಈಗ ಯಾರು ಮಂಡಿಯೂರ್ತಾರೆ? ಯಾರಿಗೋಸ್ಕರ ಗುಡಿಸ್ತೀಯಾ?"

ಯಾರಿಗೋಸ್ಕರ ಎಂದು ಅವನಿಗೆ ಗೊತ್ತಿತ್ತು. ಭಾನುವಾರದ ಕಾರುಗಳಿಗೋಸ್ಕರ.

ಕೆಳಗಿನ ಒಂದೆರಡು ಸಾಲಿನಲ್ಲಿ ಮಾತ್ರ ಹುಲ್ಲು ಬಿಟ್ಟು ನೋಡೋಣ ಎಂದು ಅವನು ಚೌಕಾಶಿ ಮಾಡಿದ. ನೀರು ಮೇಲಿಂದ ಓಟ ಕಟ್ಟಿಕೊಂಡು ಬಂದಮೇಲೆ ಕೆಳಗೆ ತಡೆಯಲಾಗುವುದಿಲ್ಲ, ತಲೆಯಿಂದಲೇ ಶುರುವಾಗಬೇಕು ಎಂದು ತೀಸ್ಕಾರ್ ಹೇಳಿದಳು. ಕೊನೆಗೆ ಒಂದು ವರ್ಷಕ್ಕೆ ಒಪ್ಪಿದ, ಅದೂ ಭಟ್ಟಿಯ ಗೋಡೆಯ ಕಡೆ ಒಂದು ಸಲ ನೋಡಿ. ಉಳುಮೆ ನಿಲ್ಲಿಸುವುದು, ಸಾಲುಗಳ ನಡುವೆ ಬಾರ್ಲಿ, ಹುರುಳಿ ಜಾತಿಯ ಬಳ್ಳಿ ಬೀಜ ಚೆಲ್ಲಿ ತಾನಾಗಿ ಹುಟ್ಟುವ ಹುಲ್ಲಿನ ಜೊತೆ ಬೆಳೆಯಲು ಬಿಡುವುದು. ಮರದ ಬುಡದಲ್ಲಿ ಬಲೆ ಹಾಸುವಷ್ಟು ಜಾಗ ಮಾತ್ರ ತೆರೆದಿಡುವುದು. ಸವರಿದ ಕೊಂಬೆಗಳಲ್ಲಿ ದಪ್ಪನೆಯವು ಅಕ್ಕನ ಭಟ್ಟಿಗೆ, ಸಣ್ಣವನ್ನು ಸುಡದೆ ಪುಡಿಮಾಡಿ ನೆಲಕ್ಕೆ. ಕೊರಕಲು ಬಿದ್ದ ಕಡೆ ಗೂಟ ಹೊಡೆದು ಕೊಂಬೆಗಳ ಕಟ್ಟು ಅಡ್ಡ ಹಾಕುವುದು. ಎಲೆ ಹಳದಿ ತಿರುಗಿತೋ, ಮರುದಿನವೇ ಟ್ರ್ಯಾಕ್ಟರು ಹತ್ತುತ್ತೇನೆ ಎಂದು ಅವನು ಎಚ್ಚರಿಕೆ ಕೊಟ್ಟೇ ಬೀಜ ಚೆಲ್ಲಿದ.

ಹುಲ್ಲು ಬಂತು. ಬೆರ್ಮೇಹಾದಲ್ಲಿ ಇಷ್ಟು ವರ್ಷ ತಲೆಯೆತ್ತಲು ಬಿಡದ ಏನೇನೋ ಎಲೆಗಳು ತಲೆಯೆತ್ತಿದವು. ಡಿಸೆಂಬರಿನ ಹೊತ್ತಿಗೆ ದಿಣ್ಣೆ ಹಸಿರಾಗಿತ್ತು. ಎಫ್ರಾಸಿಯೊ ಭಾನುವಾರ ಪೂಜೆ ಮುಗಿದೊಡನೆ ಮನೆಗೆ ಹೋಗತೊಡಗಿದ. ರಸ್ತೆಯಲ್ಲಿ ಕಾರುಗಳು ಅವನ ತೋಟದ ಮುಂದೆ ಇನ್ನಷ್ಟು ನಿಧಾನವಾಗುವುದು ಅವನಿಗೆ ಕಿಟಕಿಯಿಂದ ಕಾಣುತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಅವನು ತಿರುಗಿ ಬೈದು ಹಗುರಾಗುತ್ತಿದ್ದ. ಜನ ಮರುಗತೊಡಗಿದರು. ಬೆನಲ್ಮಾರಿನಲ್ಲಿ ಚೊಕ್ಕಟ ತೋಟದವನ ನೆಲದಲ್ಲಿ ಹುಲ್ಲು ಎದ್ದರೆ ಅರ್ಥ ಒಂದೇ, ಯಜಮಾನ ಹಾಸಿಗೆ ಹಿಡಿಯುತ್ತಿದ್ದಾನೆ. ಬೇಕರಿಗೆ ಬಂದ ಹೆಂಗಸರು ಕಸಿಲ್ದಾಳ ಕೈ ಹಿಡಿದು, ಡಾಕ್ಟರು ಏನಂದರು ಎಂದು ಪಿಸುಗುಟ್ಟಿದರು. ಬಾರಿನಲ್ಲಿ ಅವನು ಕಾಫಿಗೆ ಕೂತರೆ ಯಾರಾದರೂ ಕುರ್ಚಿ ಎಳೆದುಕೊಡುತ್ತಿದ್ದರು. ಅವನು ಏನೂ ಹೇಳಲಿಲ್ಲ. ಸೋಮಾರಿ ಎನಿಸಿಕೊಳ್ಳುವುದಕ್ಕಿಂತ ಕಾಯಿಲೆಯವನು ಎನಿಸಿಕೊಳ್ಳುವುದೇ ಮೇಲು ಎಂದು ಅವನಿಗೆ ಅನ್ನಿಸಿತ್ತು. ಮನುಷ್ಯನ ಮರ್ಯಾದೆ ಎಂಥ ವಿಚಿತ್ರ ನೋಡಿ.

ಅವನ ಪಕ್ಕದ ತೋಟದವನು ಹಿನೇಸ್. ಒಟ್ಟಿಗೆ ಬೆಳೆದವರು, ಒಬ್ಬರ ಟ್ರ್ಯಾಕ್ಟರು ಕೆಟ್ಟರೆ ಇನ್ನೊಬ್ಬರದು ಬರುತ್ತಿತ್ತು. ಕೊಯ್ಲು ಮುಗಿದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಎಫ್ರಾಸಿಯೊ ಗಾಣದಿಂದ ಹಿಂತಿರುಗುವಾಗ ಹಿನೇಸ್ ದಾರಿಯಲ್ಲಿ ಕಾದು ನಿಂತಿದ್ದ. ಮುಖದಲ್ಲಿ ಸಂತೋಷ.

"ನೀನೇನೂ ಯೋಚನೆ ಮಾಡಬೇಡ ಮಾರಾಯ. ಬೆಳಿಗ್ಗೆಯಿಂದ ನಿನ್ನ ಬೆರ್ಮೇಹಾದಲ್ಲೇ ಇದ್ದೆ. ಅರ್ಧ ಉತ್ತು ಹಾಕಿದೀನಿ, ನೀನು ಉಳೋ ಹಾಗೇ ನೆಟ್ಟಗೆ. ಉಳಿದರ್ಧ ಶನಿವಾರ ಮುಗಿಸ್ತೀನಿ. ನೀನು ಆರೋಗ್ಯ ನೋಡ್ಕೋ."

ನನಗೆ ಏನೂ ಆಗಿಲ್ಲ, ಹುಲ್ಲು ನಾನೇ ಬಿಟ್ಟದ್ದು ಎಂದು ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಎಫ್ರಾಸಿಯೊ ಹಿನೇಸನ ಕಣ್ಣಿನಲ್ಲಿದ್ದ ಪ್ರೀತಿ ನೋಡಿದ, ನಾಳೆ ಬಾರಿನಲ್ಲಿ ಏಳುವ ನಗು ನೆನೆದ. "ಉಪಕಾರವಾಯ್ತು ಕಣಯ್ಯ" ಎಂದ. ಮನೆಗೆ ಹೋಗಿ ತನ್ನ ಮೇಲೆ ತಾನೇ ಹೇಸಿಕೊಂಡ.

ಹಿನೇಸ್ ಉತ್ತದ್ದು ಬಲಗಡೆಯ ಅರ್ಧ, ಭಟ್ಟಿ ಕೋಣೆಯ ನೆತ್ತಿಯ ಮೇಲಿನದು. ಮರುದಿನ ಮಧ್ಯಾಹ್ನ ಬೆಟ್ಟದ ಕಡೆಯಿಂದ ಮೋಡ ಕವಿದು ಮಳೆ ಹಿಡಿಯಿತು. ಚಳಿಗಾಲದ ಜಿಟಿಜಿಟಿಯಲ್ಲ, ಮಾತು ಕೇಳಿಸದ ಮಳೆ. ಎಫ್ರಾಸಿಯೊ ಸಲಿಕೆ ಹಿಡಿದು ಓಡಿದ. ಅವನ ಹಿಂದೆಯೇ ಹಿನೇಸ್ ಕೂಡ ಬಂದ, ಕಾಯಿಲೆಯವನನ್ನು ಒಬ್ಬನೇ ಬಿಡುವುದು ಹೇಗೆಂದು.

ಭಟ್ಟಿ ಕೋಣೆಯಲ್ಲಿ ಕಸಿಲ್ದಾ ಇದ್ದಳು. ಗೋಡೆಯಿಂದ ಗಾರೆ ಉದುರುತ್ತಿತ್ತು. ಹೊರಗೆ ಬಾ ಎಂದು ತಮ್ಮ ಕರೆದರೆ, ರೊಟ್ಟಿ ಒಳಗಿದೆ, ಬೆಂದಮೇಲೆ ಬರ್ತೀನಿ ಎಂದಳು. ಬೆದರಿಸಿದ, ಬೇಡಿಕೊಂಡ, ಅವಳು ಕದಲಲಿಲ್ಲ. ಅವಳಿಗೆ ಅದು ಕೊನೆಯ ಸಲ ಬೇಯುತ್ತಿರುವ ರೊಟ್ಟಿಯಾಗಿರಬಹುದು ಎಂದು ಅವನಿಗೆ ಅರ್ಥವಾಯಿತು. ಅವನು ಹಿತ್ತಲಿನಿಂದ ಮೇಲಕ್ಕೆ ಹತ್ತಿದ.

ತೋಟದ ಕೆಳಂಚಿನಲ್ಲಿ ನಿಂತು ಅವನು ನೋಡಿದ್ದು ಇಷ್ಟು. ಎಡಗಡೆ ಹುಲ್ಲು ಮಳೆಗೆ ಮಲಗಿತ್ತು, ಅದರ ನಡುವಿನಿಂದ ನೀರು ಸೋಸಿ ಬಿಟ್ಟ ಹಾಗೆ ಮೆಲ್ಲಗೆ, ತಿಳಿಯಾಗಿ ಬರುತ್ತಿತ್ತು. ಬಲಗಡೆ ಹಿನೇಸ್ ಎಳೆದ ನೆಟ್ಟನೆಯ ಗೆರೆಗಳೆಲ್ಲ ಕಾಲುವೆಗಳಾಗಿ, ಕಲ್ಲು ಉರುಳಿಸಿಕೊಂಡು, ಕೆಂಪು ರಾಡಿ ನೇರ ಭಟ್ಟಿಯ ಗೋಡೆಗೆ ನುಗ್ಗುತ್ತಿತ್ತು. ಒಂದೇ ಗುಡ್ಡ, ಒಂದೇ ಮಳೆ, ನಡುವೆ ಒಂದು ದಿನದ ಉಳುಮೆ. ಇಷ್ಟು ವರ್ಷ ಅವನು ಮಳೆ ನಿಂತಮೇಲೆ ಬಂದು ಕೆಸರು ನೋಡಿದ್ದನೇ ಹೊರತು, ಮಳೆಯಲ್ಲೇ ಬಂದು ತನ್ನ ತೋಟವನ್ನು ನೋಡಿರಲಿಲ್ಲ.

"ನಾನು ಉತ್ತಿದ್ದು ಈ ಕಡೆ ಅಲ್ವಾ?" ಎಂದ ಹಿನೇಸ್, ಮೆತ್ತಗೆ.

ಎಫ್ರಾಸಿಯೊ ಸೌದೆ ರಾಶಿಯಿಂದ ಕೊಂಬೆಗಳ ಕಟ್ಟು ಎಳೆದು ತಂದು ಗೆರೆಗಳಿಗೆ ಅಡ್ಡ ಹಾಕತೊಡಗಿದ. ನೀರನ್ನು ಹುಲ್ಲಿನ ಕಡೆಗೆ ತಿರುಗಿಸು ಎಂದು ಕೂಗಿ ಹೇಳಿದ. ಹುಲ್ಲಿನ ಕಡೆಗಾ ಎಂದು ಹಿನೇಸ್ ಅನುಮಾನದಿಂದ ನಿಂತ. ಹೌದು, ಹುಲ್ಲು ತಡೆಯುತ್ತೆ, ಅದಕ್ಕೇ ಅಲ್ಲಿ ಬಿಟ್ಟಿರೋದು ಎಂದು ಎಫ್ರಾಸಿಯೊನ ಬಾಯಿಂದ ತಾನಾಗಿ ಬಂತು. ಇಬ್ಬರೂ ಸೇರಿ ಅಡ್ಡಕ್ಕೆ ಒಂದು ಚರಂಡಿ ತೋಡಿದರು, ಕೊಂಬೆ ತುಳಿದು ಕೂರಿಸಿದರು. ರಾಡಿ ಸ್ವಲ್ಪ ಹೊತ್ತು ತಡಬಡಾಯಿಸಿ, ಆಮೇಲೆ ಎಡಕ್ಕೆ ತಿರುಗಿ ಹುಲ್ಲಿನೊಳಗೆ ಹೊಕ್ಕು ವೇಗ ಕಳೆದುಕೊಂಡಿತು. ಗೋಡೆಗೆ ಹೋಗುತ್ತಿದ್ದದ್ದು ಕಮ್ಮಿಯಾಯಿತು. ಗೋಡೆ ನಿಂತಿತು.

ಮಳೆ ಇಳಿದಾಗ ಇಬ್ಬರೂ ಕೆಸರಿನಲ್ಲೇ ಕೂತಿದ್ದರು. ಎಫ್ರಾಸಿಯೊ ಹಿನೇಸನ ಮುಖ ನೋಡದೆ ಹೇಳಿದ.

"ನನಗೆ ಯಾವ ಕಾಯಿಲೆನೂ ಇಲ್ಲ ಹಿನೇಸ್. ಹುಲ್ಲು ಬೇಕು ಅಂತಲೇ ಬಿಟ್ಟಿದ್ದೆ. ನಿನ್ನೆ ಹೇಳೋಕೆ ನಾಚಿಕೆ ಆಯ್ತು. ಆ ನಾಚಿಕೆ ಇವತ್ತು ನಮ್ಮಕ್ಕನ್ನ ತಿಂದುಬಿಡ್ತಿತ್ತು."

ಕಸಿಲ್ದಾ ಹೊರಗೆ ಬಂದು ಇಬ್ಬರ ಕೈಗೂ ಒಂದೊಂದು ಬಿಸಿ ರೊಟ್ಟಿ ಕೊಟ್ಟಳು. ತಿಂದಾದಮೇಲೆ ಹಿನೇಸ್, ಗೋಡೆಯ ಬುಡದ ಕೆಂಪು ಮಣ್ಣನ್ನು ಹಳ್ಳಕ್ಕೆ ಸುರಿಯುವುದು ಬೇಡ, ನನ್ನ ಟ್ರೈಲರು ತರುತ್ತೇನೆ, ಎಲ್ಲಿಂದ ಬಂತೋ ಅಲ್ಲಿಗೇ ಹಾಕೋಣ ಎಂದ. ಹಾಗೇ ಮಾಡಿದರು. ಉತ್ತ ಅರ್ಧಕ್ಕೆ ಮತ್ತೆ ಬಾರ್ಲಿ ಚೆಲ್ಲಿದರು.

ಭಾನುವಾರ ಪೂಜೆಯ ನಂತರ ಎಫ್ರಾಸಿಯೊ ಮನೆಗೆ ಹೋಗಲಿಲ್ಲ. ಬಾರಿಗೆ ಹೋದ. ಯಾರೋ ಎದ್ದು ಕುರ್ಚಿ ಎಳೆದುಕೊಟ್ಟರು. ಅವನು ಕೂರಲಿಲ್ಲ. ತನ್ನ ತಪ್ಪು ತಾನೇ ಹೇಳಿಕೊಂಡು ಅಭ್ಯಾಸವಿಲ್ಲದ ಮನುಷ್ಯ, ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತ.

"ನಾನು ಚೆನ್ನಾಗೇ ಇದೀನಿ. ನನ್ನ ತೋಟದಲ್ಲಿ ಹುಲ್ಲಿದೆ, ಮುಂದಿನ ಚಳಿಗಾಲಕ್ಕೂ ಇರುತ್ತೆ. ನನ್ನ ತೋಟ ಚೊಕ್ಕಟ, ಚೊಕ್ಕಟ ಅಂತ ಇಷ್ಟು ವರ್ಷ ನೀವೆಲ್ಲ ಹೊಗಳಿದ್ರಿ, ನಾನೂ ಹಿಗ್ಗಿದೆ. ನಮ್ಮಪ್ಪ ಕೊಟ್ಟ ಮಣ್ಣನ್ನ ಗುಡಿಸಿ ಗುಡಿಸಿ ನಮ್ಮಕ್ಕನ ಒಲೆಗೆ ಹಾಕ್ತಿದ್ದೆ, ಅಷ್ಟೇ ನಾನು ಮಾಡಿದ್ದು."

ಬಾರಿನಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದರು. ಅವರ ತೋಟಗಳ ಕೆಳಗೂ ಯಾರದೋ ಮನೆ, ಯಾರದೋ ಬಾವಿ, ಯಾರದೋ ದಾರಿ ಇತ್ತು. ಕುರಿ ಯಾವಾಗ ತರುತ್ತೀಯ ಎಂದು ಮೂಲೆಯಿಂದ ಒಬ್ಬ ಕೇಳಿದ, ಎಲ್ಲರೂ ನಕ್ಕರು, ಎಫ್ರಾಸಿಯೊ ಕೂಡ. ನಕ್ಕದ್ದರಿಂದ ಅವನಿಗೆ ಏನೂ ಆಗಲಿಲ್ಲ. ತಾನು ಇಷ್ಟು ದಿನ ಹೆದರಿದ್ದು ಇಷ್ಟಕ್ಕೇ ಎಂದು ಅವನಿಗೆ ಆಶ್ಚರ್ಯವಾಯಿತು.

ಮಾರ್ಚ್ ಕೊನೆಯಲ್ಲಿ ತೀಸ್ಕಾರ್ ನಿಂತು ನೋಡುತ್ತಿರುವಾಗ ಅವನು ಹುಲ್ಲು ಕತ್ತರಿಸಿ ಸಾಲುಗಳ ನಡುವೆ ಹೊದಿಸಿದ. ಬೇಸಿಗೆಯಲ್ಲಿ ಆ ಹೊದಿಕೆಯ ಕೆಳಗೆ ಬೆರಳು ತೂರಿಸಿ ನೋಡಿದರೆ ಮಣ್ಣು ತಣ್ಣಗಿತ್ತು. ಎಲೆ ಹಳದಿ ತಿರುಗಲಿಲ್ಲ. ಮೇಸ್ತ್ರಿ ಬಂದು ಗೋಡೆ ಬಿಚ್ಚಿ ಮತ್ತೆ ಕಟ್ಟಿದ, ಭಟ್ಟಿ ಉಳಿಯಿತು. ಹೋದ ಮಣ್ಣು ಮಾತ್ರ ಬರಲಿಲ್ಲ. ಬೆರ್ಮೇಹಾ ಇವತ್ತಿಗೂ ಬಿಳಿಯಾಗಿಯೇ ಇದೆ, ಅಷ್ಟು ಬೇಗ ಕೆಂಪಾಗುವುದೂ ಇಲ್ಲ. ಇರುವುದಾದರೂ ಉಳಿಯಲಿ ಎನ್ನುತ್ತಾನೆ ಎಫ್ರಾಸಿಯೊ.

ಓದುತ್ತಿರುವ ನಿಮಗೆ ಆಲಿವ್ ತೋಟವೇ ಇರಬೇಕೆಂದಿಲ್ಲ. ಮಾವಿರಲಿ, ಗೋಡಂಬಿ ಇರಲಿ, ಸಪೋಟ ಇರಲಿ, ಇಳಿಜಾರಿನಲ್ಲಿ ಒಂದು ತುಂಡು ನೆಲವಿದ್ದರೆ ಸಾಕು. ಉಳುವ ಮುಂಚೆ ಯಾತಕ್ಕೆ ಉಳುತ್ತಿದ್ದೇನೆ ಎಂದು ಒಂದು ಸಲ ಕೇಳಿಕೊಳ್ಳಿ. ಉಳಲೇಬೇಕಾದರೆ ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿ; ಟ್ರ್ಯಾಕ್ಟರು ಅಡ್ಡ ಹೋಗದಷ್ಟು ಕಡಿದಾದ ನೆಲ ಉಳುವ ನೆಲವೇ ಅಲ್ಲ. ಮಳೆಗಾಲದಲ್ಲಿ ಮರಗಳ ನಡುವಿನ ನೆಲವನ್ನು ಬತ್ತಲೆ ಬಿಡಬೇಡಿ, ಹುಲ್ಲೋ ಹುರುಳಿಯೋ ಏನಾದರೂ ಅದರ ಮೈಮೇಲಿರಲಿ. ಮರಕ್ಕೆ ನೀರಿನ ಕೊರತೆಯಾಗುವ ಮುಂಚೆ ಅದನ್ನು ಕತ್ತರಿಸಿ ಅಲ್ಲೇ ಹೊದಿಸಿ. ಕಸಕಡ್ಡಿಗೆ ಬೆಂಕಿ ಇಡಬೇಡಿ.

ಇದೊಂದನ್ನೂ ನಂಬಬೇಡಿ ಬೇಕಾದರೆ. ಮುಂದಿನ ಜೋರು ಮಳೆಗೆ ಕೊಡೆ ಹಿಡಿದು ಹೋಗಿ, ನಿಮ್ಮ ನೆಲದ ಕೆಳಂಚಿನಲ್ಲಿ ನಿಂತು, ಹೊರಗೆ ಹೋಗುವ ನೀರಿನ ಬಣ್ಣ ನೋಡಿ. ಅದು ನಿಮ್ಮ ನೆಲದ ಬಣ್ಣವೇ ಆಗಿದ್ದರೆ, ಹೋಗುತ್ತಿರುವುದು ನೀರಲ್ಲ, ನಿಮ್ಮ ಮಕ್ಕಳಿಗೆ ಸೇರಬೇಕಾದ ನೆಲ. ಕೆಳಗಿನ ಮನೆಯಲ್ಲಿ ಯಾರೋ ಅದನ್ನು ಬಾಚಿ ಹೊರಗೆ ಹಾಕುತ್ತಿರುತ್ತಾರೆ.